ಅರ್ಜಿ ಆಮೇಲೆ, ಮೊದಲು 1930



ಈ ಸಲದ ಬರಹಕ್ಕೆ ಕಾರಣ ನಮ್ಮ ಸಂಘದ ಕಚೇರಿಯಲ್ಲೇ ನಡೆದ ಒಂದು ಸಂಗತಿ. ಹೇಳಿಕೊಳ್ಳಲು ಸಂಕೋಚವಿದೆ. ಆದರೂ ಕಾರ್ಯಕಾರಿ ಸಮಿತಿಯಲ್ಲಿ ಕೂತು ಮಾತಾಡಿ, ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಸರಿ ಎಂದು ತೀರ್ಮಾನಿಸಿದೆವು.

ಹೊಸೂರಿನ ನಮ್ಮ ಹಿರಿಯ ಸದಸ್ಯರೊಬ್ಬರು, ನಿವೃತ್ತ ಮೇಷ್ಟ್ರು, ಕಳೆದ ವರ್ಷ ಒಂದು ಶುಕ್ರವಾರ ಸಂಜೆ ಏಳರ ಹೊತ್ತಿಗೆ ಕಚೇರಿಗೆ ಬಂದು ಕುರ್ಚಿಯ ಮೇಲೆ ಕುಸಿದರು. ಬೆಳಗ್ಗೆ ಅವರಿಗೆ ಒಂದು ಕರೆ ಬಂದಿತ್ತು. ಮುಂಬೈ ಪೊಲೀಸರೆಂದು ಹೇಳಿಕೊಂಡವರು, 'ನಿಮ್ಮ ಹೆಸರಿನ ಸಿಮ್‌ನಿಂದ ಅಕ್ರಮ ಹಣ ಸಾಗಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಆಫ್ ಮಾಡಬಾರದು, ಮನೆಯವರಿಗೂ ಹೇಳಬಾರದು' ಎಂದಿದ್ದರು. ವಿಡಿಯೋದಲ್ಲಿ ಸಮವಸ್ತ್ರ, ಹಿಂದೆ ಅಶೋಕ ಸ್ತಂಭದ ಚಿತ್ರ, ಮೇಜಿನ ಮೇಲೆ ಕಡತಗಳ ರಾಶಿ. ನಲವತ್ತು ವರ್ಷ ಮಕ್ಕಳಿಗೆ ಕಾನೂನಿಗೆ ಹೆದರಬೇಕೆಂದು ಕಲಿಸಿದವರು ತಾವೂ ಹೆದರಿದರು. ಮಧ್ಯಾಹ್ನ ಮೂರು ಗಂಟೆಗೆ, ಫೋನು ಜೇಬಿನಲ್ಲಿ ಚಾಲೂ ಇದ್ದಂತೆಯೇ ಬ್ಯಾಂಕಿಗೆ ಹೋಗಿ 4,80,000 ರೂಪಾಯಿ ಕಳಿಸಿಬಂದರು. 'ಪರಿಶೀಲನೆ ಮುಗಿದ ಮೇಲೆ ವಾಪಸ್ ಬರುತ್ತದೆ' ಎಂಬುದು ಅವರಿಗೆ ಸಿಕ್ಕ ಭರವಸೆ. ಸಂಜೆ ಬೆಂಗಳೂರಿನಿಂದ ಮಗ ಫೋನ್ ಮಾಡಿದಾಗಲೇ ಮೋಸ ತಿಳಿದದ್ದು.

ಆಗ ನಾವು ಮಾಡಿದ್ದೇನು? ನೀರು ಕೊಟ್ಟೆವು, ಸಮಾಧಾನ ಹೇಳಿದೆವು, ಬಿಳಿ ಹಾಳೆ ತೆಗೆದು ಅರ್ಜಿ ಬರೆಯಲು ಕೂತೆವು. ಗುಮಾಸ್ತಿಕೆ ಮಾಡಿ ಸವೆದ ಕೈ ಇದು. ಸರ್ಕಾರಿ ಕೆಲಸವೆಂದರೆ ಅರ್ಜಿ, ಲಗತ್ತು, ಸ್ವೀಕೃತಿ, ಹಿಂಬರಹ ಎಂದೇ ನಂಬಿದವರು. ಕನ್ನಡದಲ್ಲಿ ಎರಡು ಪುಟ ಅಚ್ಚುಕಟ್ಟಾಗಿ ಬರೆದು, ಪಕ್ಕದ ಅಂಗಡಿಯ ಹುಡುಗನಿಂದ ತಮಿಳಿಗೆ ಮಾಡಿಸಿ, ಮೂರು ಪ್ರತಿ ತೆಗೆಯುವಾಗ ಒಂಬತ್ತು ಗಂಟೆ ಹತ್ತಿರ. 'ಮೇಷ್ಟ್ರೇ, ಊಟ ಮಾಡಿ ಮಲಗಿ, ಬೆಳಗ್ಗೆ ಒಟ್ಟಿಗೆ ಸ್ಟೇಷನ್ನಿಗೆ ಹೋಗೋಣ' ಎಂದು ಕಳಿಸಿದೆವು. ಮರುದಿನ ಹತ್ತು ಗಂಟೆಗೆ ಠಾಣೆಯಲ್ಲಿ ಅರ್ಜಿ ಚಾಚಿದಾಗ ಅಲ್ಲಿದ್ದವರು ಅದನ್ನು ಓದುವ ಮೊದಲೇ ಕೇಳಿದ ಪ್ರಶ್ನೆ ಒಂದೇ: '1930ಕ್ಕೆ ಫೋನ್ ಮಾಡಿದಿರಾ?'

ಮಾಡಿರಲಿಲ್ಲ. ಹಣ ಹೋಗಿ ಹತ್ತೊಂಬತ್ತು ಗಂಟೆಯಾಗಿತ್ತು. ಅದರಲ್ಲಿ ಹದಿನೈದು ಗಂಟೆ ನಮ್ಮ ಲೆಕ್ಕಕ್ಕೆ ಸೇರಿದ್ದು.

ಆಮೇಲೆ ಇನ್ನೊಂದು ಅಲೆದಾಟ ಶುರುವಾಯಿತು. ಮೇಷ್ಟ್ರ ಖಾತೆ ಇದ್ದದ್ದು ಮಗನ ಮನೆಯ ಹತ್ತಿರದ ಬೆಂಗಳೂರು ಶಾಖೆಯಲ್ಲಿ. ಹೀಗಾಗಿ ಒಬ್ಬರು 'ಬೆಂಗಳೂರಿಗೆ ಹೋಗಿ' ಎಂದರು, ಬೆಂಗಳೂರಿನಲ್ಲಿ ಇನ್ನೊಬ್ಬರು 'ಹೊಸೂರಿನಲ್ಲಿ ಕೊಡಿ' ಎಂದರು. ಅತ್ತಿಬೆಲೆ ಗಡಿ ದಾಟಿ ದಾಟಿ ಬಸ್ ಚೀಟಿ ಸೇರಿಸಿಟ್ಟದ್ದೇ ಬಂತು. ಆ ಓಡಾಟದಲ್ಲಿ ಕೇಳಿ, ಓದಿ, ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ಮುಖ್ಯವಾಗಿ, ನಮಗೆ ತೀರ ಹತ್ತಿರದ ದೊಡ್ಡ ನಗರದ ಪೊಲೀಸರು ಈ ಹೊಸ ಬಗೆಯ ಕಳ್ಳತನಕ್ಕೆ ತಮ್ಮ ಹಳೆಯ ಪದ್ಧತಿಯನ್ನು ಹೇಗೆ ಬದಲಿಸಿಕೊಂಡರು, ಎಲ್ಲಿ ಇನ್ನೂ ತೊಡಕು ಉಳಿದಿದೆ ಎಂಬುದು.

ಪೊಲೀಸ್ ವ್ಯವಸ್ಥೆ ಕಟ್ಟಿರುವುದು ಠಾಣೆಯ ಗಡಿಯ ಮೇಲೆ. ಈ ರಸ್ತೆಯ ಆಚೆ ಬದಿ ಆ ಠಾಣೆ, ಈಚೆ ಬದಿ ಈ ಠಾಣೆ. ಬೀಟ್ ಪೊಲೀಸರು ರಾತ್ರಿ ಸುತ್ತು ಹೊಡೆದು ಪುಸ್ತಕಕ್ಕೆ ಸಹಿ ಹಾಕುವುದು ಆ ಗಡಿಯೊಳಗೆ. ಮನೆಗಳ್ಳತನಕ್ಕೆ, ಸರಗಳ್ಳತನಕ್ಕೆ ಇದು ಸರಿಹೊಂದುತ್ತದೆ. ಕಳ್ಳ ಓಡಿದರೂ ಕಾಲಿನಲ್ಲೇ ಓಡಬೇಕು, ಹೆಚ್ಚೆಂದರೆ ಬೈಕಿನಲ್ಲಿ. ಆದರೆ ಮೇಷ್ಟ್ರ ದುಡ್ಡು ಹೋದದ್ದು ಹಾಗಲ್ಲ. ಒಂದು ರಾಜ್ಯದ ಖಾತೆಯಿಂದ ಇನ್ನೊಂದು ರಾಜ್ಯದ ಖಾತೆಗೆ, ಅಲ್ಲಿಂದ ಹತ್ತಾರು ಖಾತೆಗಳಿಗೆ ಚೂರು ಚೂರಾಗಿ, ಕೊನೆಗೆ ಎಟಿಎಂ ನೋಟಾಗಿಯೋ ಕ್ರಿಪ್ಟೋ ಆಗಿಯೋ ಮಾಯ. ಇದಕ್ಕೆ ಠಾಣೆಯ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಗಡಿ ಉಳಿದಿರುವುದು ದೂರು ಕೊಡುವವರಿಗೆ ಮಾತ್ರ.

ಬೆಂಗಳೂರಿಗೆ ಇದರ ಬಿಸಿ ಎಲ್ಲರಿಗಿಂತ ಮೊದಲು ತಟ್ಟಿತು. 2001ರಷ್ಟು ಹಿಂದೆಯೇ ಅಲ್ಲಿ ಸಿಐಡಿ ಅಡಿಯಲ್ಲಿ ಸೈಬರ್ ಅಪರಾಧ ಠಾಣೆ ಬಂದಿತ್ತು. ದೇಶದಲ್ಲೇ ಮೊದಲ ಸಾಲಿನದು. ಆದರೆ ನಗರ ಪೊಲೀಸರ ಬಳಿ ಬಹುಕಾಲ ಇದ್ದದ್ದು ಒಂದೇ ಸೈಬರ್ ಠಾಣೆ. ಒಂದು ಕೋಟಿ ಜನರ ಊರಿಗೆ ಒಂದು. 2019ರ ಕೊನೆಗೆ ಆ ಒಂದೇ ಠಾಣೆಯಲ್ಲಿ ವರ್ಷದ ಎಫ್‌ಐಆರ್ 9,999 ಮುಟ್ಟಿದಾಗ, ಪೊಲೀಸರ ತಂತ್ರಾಂಶ ಐದಂಕಿಯ ಸಂಖ್ಯೆಯನ್ನೇ ಒಪ್ಪದೆ ನೋಂದಣಿ ನಿಂತುಹೋಯಿತೆಂಬುದು ಆಗ ಪತ್ರಿಕೆಗಳಲ್ಲಿ ಬಂದ ಸುದ್ದಿ. ಗುಮಾಸ್ತರಾಗಿದ್ದವರಿಗೆ ನಗು ಬರುತ್ತದೆ, ಜೊತೆಗೆ ಭಯವೂ ಆಗುತ್ತದೆ. ನಮ್ಮ ಕಾಲದಲ್ಲಿ ರಿಜಿಸ್ಟರಿನ ಪುಟ ಮುಗಿದರೆ ಹೊಸ ರಿಜಿಸ್ಟರ್ ತೆರೆದು 'ಎರಡನೇ ಸಂಪುಟ' ಎಂದು ಬರೆದು ಮುಂದುವರಿಸುತ್ತಿದ್ದೆವು. ಕಂಪ್ಯೂಟರಿಗೆ ಅಷ್ಟು ತಿಳಿವಳಿಕೆ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ನಗರದ ಎಂಟೂ ವಿಭಾಗಗಳಿಗೆ ಒಂದೊಂದು ಸಿಇಎನ್ ಠಾಣೆ ಬಂತು. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಇರುವ ಠಾಣೆಗಳು. ಆದರೆ ನಮ್ಮ ದೃಷ್ಟಿಯಲ್ಲಿ ನಿಜವಾದ ಬದಲಾವಣೆ ಕಟ್ಟಡದ್ದಲ್ಲ, ಕ್ರಮದ್ದು. 2020ರ ಕೊನೆಯ ಹೊತ್ತಿಗೆ ನಗರ ಪೊಲೀಸರು ನಿಯಂತ್ರಣ ಕೊಠಡಿಗೆ ಬರುವ ಕರೆಯ ಮೇಲೆಯೇ ಕೆಲಸ ಆರಂಭಿಸುವ ಏರ್ಪಾಡು ಮಾಡಿದರು. ಹಣ ಹೋದ ಒಂದೆರಡು ಗಂಟೆಯೊಳಗೆ ಫೋನ್ ಬಂದರೆ ವಿವರ ಬರೆದುಕೊಂಡು ತಕ್ಷಣ ಬ್ಯಾಂಕಿಗೆ ತಿಳಿಸಿ ಆ ಖಾತೆಯನ್ನು ತಡೆಯುವುದು, ಎಫ್‌ಐಆರ್ ಆಮೇಲೆ. ಪೊಲೀಸರ ಭಾಷೆಯಲ್ಲಿ ಅದು 'ಗೋಲ್ಡನ್ ಅವರ್'. ಅಪಘಾತದಲ್ಲಿ ಗಾಯಗೊಂಡವರಿಗೆ ಆಸ್ಪತ್ರೆಯವರು ಹೇಳುವ ಅದೇ ಮಾತು.

ಹೊರಗಿನಿಂದ ನೋಡಿದರೆ ಸಣ್ಣ ಬದಲಾವಣೆ. ಪೊಲೀಸ್ ಕಚೇರಿಯ ಕ್ರಮ ಬಲ್ಲವರಿಗೆ ಇದು ಎಷ್ಟು ದೊಡ್ಡದೆಂದು ಗೊತ್ತು. ಮೊದಲು ದೂರು, ಆಮೇಲೆ ಸಂಖ್ಯೆ, ಆಮೇಲೆ ತನಿಖಾಧಿಕಾರಿ, ಆಮೇಲೆ ಬ್ಯಾಂಕಿಗೆ ಪತ್ರ ಎಂಬ ಸರಣಿ ತಲೆಕೆಳಗಾಯಿತು. ಕಾಗದ ಹಿಂದೆ ಬರಲಿ, ಕೆಲಸ ಮುಂದೆ ಹೋಗಲಿ ಎಂದು ಒಂದು ಇಲಾಖೆ ಒಪ್ಪಿಕೊಂಡಿತು. ಅದೇ ಹೊತ್ತಿನಲ್ಲಿ ಕೇಂದ್ರ ಗೃಹ ಸಚಿವಾಲಯ ದೇಶಕ್ಕೆಲ್ಲ ಒಂದೇ ವ್ಯವಸ್ಥೆ ತರುವ ಕೆಲಸಕ್ಕೆ ಕೈಹಾಕಿತ್ತು. 2021ರಲ್ಲಿ 155260 ಎಂಬ ಸಹಾಯವಾಣಿ ಬಂತು. ಅಷ್ಟುದ್ದ ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದೋ ಏನೋ, ಮರುವರ್ಷ ಅದು 1930 ಆಯಿತು.

ಆ ನಂಬರಿಗೆ ಕರೆ ಮಾಡಿದರೆ ಒಳಗೆ ನಡೆಯುವುದು ಇಷ್ಟು. ಕರೆ ತೆಗೆದುಕೊಂಡವರು ನಿಮ್ಮ ಫೋನ್ ನಂಬರು, ಬ್ಯಾಂಕು, ಖಾತೆ, ಹೋದ ಮೊತ್ತ, ಹೊತ್ತು, ವಹಿವಾಟಿನ ಯುಟಿಆರ್ ಸಂಖ್ಯೆ ಕೇಳಿ ಕಂಪ್ಯೂಟರಿಗೆ ಹಾಕುತ್ತಾರೆ. ಅದು ಹಣ ಹೋಗಿ ಬಿದ್ದ ಬ್ಯಾಂಕಿಗೆ ಕೂಡಲೇ ಮುಟ್ಟುತ್ತದೆ. ಹಣ ಅಲ್ಲೇ ಇದ್ದರೆ ಆ ಬ್ಯಾಂಕು ತಡೆಹಿಡಿಯುತ್ತದೆ. ಮುಂದೆ ಹೋಗಿದ್ದರೆ ಯಾವ ಬ್ಯಾಂಕಿಗೆ ಹೋಯಿತೆಂದು ಗುರುತು ಹಾಕಿ, ಸೂಚನೆಯನ್ನು ಅಲ್ಲಿಗೆ ದಾಟಿಸುತ್ತದೆ. ಕಳ್ಳನ ಹಿಂದೆ ಕಾಗದವೂ ಅದೇ ವೇಗದಲ್ಲಿ ಓಡುತ್ತದೆ ಎನ್ನಿ. ನಿಮಗೊಂದು ದೂರಿನ ಸಂಖ್ಯೆ ಬರುತ್ತದೆ. ಅದನ್ನಿಟ್ಟುಕೊಂಡು 24 ಗಂಟೆಯೊಳಗೆ ಸೈಬರ್ ಅಪರಾಧದ ಸರ್ಕಾರಿ ಜಾಲತಾಣದಲ್ಲಿ ಪೂರ್ಣ ವಿವರ ತುಂಬಬೇಕು. ಅಲ್ಲಿ ಅರ್ಜಿ ಬರೆಯುವವರಿಗೆ ಕೆಲಸವಿದೆ. ಅದಕ್ಕೆ ಮುಂಚೆ ಇಲ್ಲ.

ಇಷ್ಟಾದರೂ ಅಂಕಿಗಳು ಇಳಿಯಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2023ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣಗಳು 86,420. ಕರ್ನಾಟಕದ ಪಾಲು 21,889. ಬೆಂಗಳೂರು ನಗರವೊಂದರಲ್ಲೇ 17 ಸಾವಿರಕ್ಕೂ ಹೆಚ್ಚು. 2024ರಲ್ಲಿ ದೇಶದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಸರ್ಕಾರವೇ ಲೋಕಸಭೆಗೆ ಹೇಳಿದೆ, ಹಿಂದಿನ ವರ್ಷಕ್ಕಿಂತ ಮೂರು ಪಟ್ಟು. ಇದನ್ನು ನೋಡಿ 'ಬೆಂಗಳೂರು ಕೆಟ್ಟುಹೋಯಿತು' ಎನ್ನುವವರಿದ್ದಾರೆ. ನಾವು ಹಾಗೆ ಓದುವುದಿಲ್ಲ. ದೂರು ಕೊಡುವುದು ಸುಲಭವಾದಷ್ಟೂ, ಕೊಟ್ಟ ದೂರನ್ನು ಪ್ರಾಮಾಣಿಕವಾಗಿ ನೋಂದಾಯಿಸಿದಷ್ಟೂ ಅಂಕಿ ಏರುತ್ತದೆ. ಪ್ರಕರಣ ಕಡಿಮೆ ತೋರಿಸುವ ಊರಿನಲ್ಲಿ ಮೋಸ ಕಡಿಮೆ ಎಂದೇನೂ ಇಲ್ಲ. ಟಪಾಲನ್ನೇ ಸ್ವೀಕರಿಸದ ಕಚೇರಿಯಲ್ಲಿ ಬಾಕಿ ಕಡತವೂ ಇರುವುದಿಲ್ಲ.

ಹಾಗೆಂದು ನಗರ ಪೊಲೀಸರಿಗೆ ಪೂರ್ತಿ ಅಂಕ ಕೊಡುವಂತೆಯೂ ಇಲ್ಲ. ಹಣ ತಡೆಯುವುದರಲ್ಲಿ ತೋರಿದ ಚುರುಕು ಕಳ್ಳರನ್ನು ಹಿಡಿಯುವುದರಲ್ಲಿ ಕಾಣುವುದಿಲ್ಲ. ಕಾನೂನಿನಲ್ಲೇ ಒಂದು ಗಂಟಿದೆ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನ ಪ್ರಕಾರ ಆ ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಒಂದು ಠಾಣೆಗೆ ಇರುವ ಇನ್‌ಸ್ಪೆಕ್ಟರುಗಳೆಷ್ಟು, ಬರುವ ದೂರುಗಳೆಷ್ಟು? 2025ರಲ್ಲಿ ಕರ್ನಾಟಕ ಸರ್ಕಾರ ಡಿಜಿಪಿ ದರ್ಜೆಯ ಅಧಿಕಾರಿಯ ಕೆಳಗೆ ಸೈಬರ್ ಕಮಾಂಡ್ ಎಂಬ ಪ್ರತ್ಯೇಕ ಘಟಕ ಮಾಡಿದೆ. ಅದೇ ವರ್ಷ ಬೆಂಗಳೂರಿನ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಡಿಜಿಟಲ್ ಅರೆಸ್ಟಿನ ಬೆದರಿಕೆಯಲ್ಲಿದ್ದು ಸುಮಾರು 32 ಕೋಟಿ ಕಳೆದುಕೊಂಡದ್ದೂ ಬೆಳಕಿಗೆ ಬಂತು. ಓದುಬರಹ ಬಲ್ಲವರೇ, ದೊಡ್ಡ ಕೆಲಸದಲ್ಲಿದ್ದವರೇ. ಆದ್ದರಿಂದ ನಮ್ಮ ಮೇಷ್ಟ್ರನ್ನು 'ಅಷ್ಟು ತಿಳಿದವರು ಹೀಗೆ ಮಾಡಬಹುದಾ' ಎಂದು ಯಾರೂ ಕೇಳಬೇಡಿ. ಸುಪ್ರೀಂ ಕೋರ್ಟ್ ಕೂಡ 2025ರಲ್ಲಿ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡು ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿದೆ.

ಹೆದರದೆ ಉಳಿದವರೂ ಇದ್ದಾರೆ. 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರು ಕೇಳಿಸಿದ ಧ್ವನಿಮುದ್ರಿಕೆ ವಿಜಯಪುರದ ಯುವಕರೊಬ್ಬರದು. ಸುಳ್ಳು ಪೊಲೀಸರ ಕರೆಯನ್ನು ಅವರು ಸಾವಧಾನವಾಗಿ ರೆಕಾರ್ಡ್ ಮಾಡಿಕೊಂಡಿದ್ದರು. ಸೊಲ್ಲಾಪುರ, ಜತ್ತದ ನಮ್ಮ ಸದಸ್ಯರಿಗೆ ವಿಜಯಪುರ ನೆರೆಯ ಊರು, ಹೆಮ್ಮೆಯಿಂದ ಹೇಳಿಕೊಳ್ಳಬಹುದು. ವಿಡಿಯೋ ಕರೆಯಲ್ಲಿ ಬಂಧಿಸುವ ಅಧಿಕಾರ ಈ ದೇಶದ ಯಾವ ಪೊಲೀಸರಿಗೂ, ಯಾವ ಕಾನೂನಿನಲ್ಲೂ ಇಲ್ಲ.

ಖಾತೆ ತಡೆಯುವ ಚುರುಕಿಗೂ ಒಂದು ಕೆಟ್ಟ ಮಗ್ಗುಲಿದೆ, ಅದು ಕಾಸರಗೋಡು, ವಯನಾಡಿನ ವ್ಯಾಪಾರಿಗಳಿಗೆ ಗೊತ್ತು. ಯಾರೋ ಮೋಸದ ಹಣದಿಂದ ಅಂಗಡಿಯಲ್ಲಿ ಸಾಮಾನು ಕೊಂಡು ಯುಪಿಐ ಮಾಡುತ್ತಾರೆ. ಯಾವುದೋ ದೂರದ ರಾಜ್ಯದ ಪೊಲೀಸರ ಸೂಚನೆಯಂತೆ ಅಂಗಡಿಯವರ ಇಡೀ ಖಾತೆ ಸ್ತಬ್ಧವಾಗುತ್ತದೆ. ಐನೂರು ರೂಪಾಯಿಗೆ ಐದು ಲಕ್ಷ ಸಿಕ್ಕಿಬೀಳುತ್ತದೆ. 2023ರಲ್ಲಿ ಕೇರಳ ಹೈಕೋರ್ಟ್ ಇದನ್ನು ಗಮನಿಸಿ, ಸಂಶಯವಿರುವ ಮೊತ್ತವನ್ನಷ್ಟೇ ತಡೆಹಿಡಿಯಬೇಕು, ಉಳಿದ ಹಣ ಬಳಸಲು ಬಿಡಬೇಕು ಎಂದು ಹೇಳಿದೆ. ಹೀಗಾದರೆ ಬ್ಯಾಂಕಿಗೆ ಬರೆಯುವಾಗ ಆ ತೀರ್ಪನ್ನು ಉಲ್ಲೇಖಿಸಿ. ಇಲ್ಲಿ ಅರ್ಜಿ ಬರೆಯುವುದು ಸರಿ.

ಇದಕ್ಕಿಂತ ನಮ್ಮನ್ನು ಕಾಡುತ್ತಿರುವುದು ನಮ್ಮದೇ ಮಕ್ಕಳ ವಿಷಯ. ಮೋಸದ ಹಣ ದಾಟಿಹೋಗುವ ಆ ಹತ್ತಾರು ಖಾತೆಗಳು ಯಾರವು? ಬಹಳ ಸಲ ಸಣ್ಣ ಊರಿನ ಹುಡುಗರವು. 'ಖಾತೆ ತೆರೆದು ಎಟಿಎಂ ಕಾರ್ಡು, ಸಿಮ್ಮು ಕೊಡು, ಇಷ್ಟು ಸಾವಿರ ತಗೋ' ಎಂದರೆ ಕೊಟ್ಟುಬಿಡುತ್ತಾರೆ. ತಾವು ಯಾರಿಗೂ ಮೋಸ ಮಾಡಿಲ್ಲವೆಂದೇ ಅವರ ನಂಬಿಕೆ. ಪೊಲೀಸರು ಹಿಡಿಯುವುದು ಮೊದಲು ಅವರನ್ನೇ, ಏಕೆಂದರೆ ಹೆಸರು ವಿಳಾಸ ಇರುವುದು ಅವರದೇ. ಇನ್ನು ಕೆಲವರು ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಹೋಗಿ ಮ್ಯಾನ್ಮಾರ್, ಕಾಂಬೋಡಿಯಾಗಳ ಬೇಲಿಯೊಳಗೆ ಸಿಕ್ಕಿ, ಹೊಡೆತ ತಿಂದು ಇಂಥ ಕರೆಗಳನ್ನು ಮಾಡಬೇಕಾಗಿ ಬರುತ್ತದೆ. 2025ರ ಮಾರ್ಚಿನಲ್ಲಿ ವಾಯುಪಡೆಯ ಎರಡು ವಿಮಾನಗಳಲ್ಲಿ 549 ಭಾರತೀಯರನ್ನು ಥಾಯ್ಲೆಂಡ್ ಗಡಿಯಿಂದ ಕರೆತಂದದ್ದು ನೆನಪಿರಬಹುದು. ಮೇಷ್ಟ್ರಿಗೆ ಫೋನ್ ಮಾಡಿದವನೂ ಯಾವ ತಾಯಿಯ ಮಗನೋ. ಮನೆಯಲ್ಲಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿದ್ದರೆ ಈ ಎರಡೂ ಮಾತನ್ನು ದಯವಿಟ್ಟು ಕೂರಿಸಿಕೊಂಡು ಹೇಳಿ.

ಈಗ 'ಇದು ನಮ್ಮ ವ್ಯಾಪ್ತಿ ಅಲ್ಲ' ಎಂಬ ಮಾತಿಗೆ ಬರೋಣ. ಗಡಿಯಲ್ಲಿರುವ ನಮಗೆ ಇದೇ ದೊಡ್ಡ ಗೋಡೆ. ಮನೆ ತಾಳವಾಡಿಯಲ್ಲಿ, ಖಾತೆ ಚಾಮರಾಜನಗರದಲ್ಲಿ. ಮನೆ ಮಡಕಶಿರಾದಲ್ಲಿ, ಸಿಮ್ಮು ಪಾವಗಡದ್ದು. ನಮ್ಮ ಬದುಕೇ ಹಾಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಜೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಹಿಂದೆ ಸುತ್ತೋಲೆಯ ಬಲದ ಮೇಲೆ ನಡೆಯುತ್ತಿದ್ದದ್ದು ಈಗ ಕಾನೂನು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಲೇಬೇಕು. ಅದೇ ಸಂಹಿತೆಯ 202ನೇ ಕಲಮಿನ ಪ್ರಕಾರ, ಫೋನು ಅಥವಾ ಸಂದೇಶದ ಮೂಲಕ ನಡೆದ ಮೋಸದ ವಿಚಾರಣೆ ಅದು ಬಂದು ತಲುಪಿದ ಊರಿನಲ್ಲೂ ನಡೆಯಬಹುದು. ಅಂದರೆ ಹೊಸೂರಿನಲ್ಲಿ ಫೋನ್ ಎತ್ತಿದವರು ಹೊಸೂರಿನಲ್ಲೇ ದೂರು ಕೊಡಬಹುದು, ಖಾತೆ ಎಲ್ಲೇ ಇರಲಿ. ಇದು ನಮಗೆ ಮೊದಲೇ ಗೊತ್ತಿದ್ದರೆ ಮೇಷ್ಟ್ರು ಆ ಬಿಸಿಲಿನಲ್ಲಿ ಅಷ್ಟು ಸಲ ಗಡಿ ದಾಟಬೇಕಿರಲಿಲ್ಲ.

ಭಾಷೆಯ ಮಾತು ಆಡದೆ ನಮ್ಮ ಬರಹ ಮುಗಿಯುವುದುಂಟೇ! ಸಂವಿಧಾನದ 350ನೇ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಸಂಘ ಹುಟ್ಟಿದಂದಿನಿಂದ ನಾವು ಇದನ್ನು ಉಚ್ಚರಿಸದ ಸಭೆಯಿಲ್ಲ. ಅಂದು ಸಂಜೆ ಎರಡು ಪುಟ ಕನ್ನಡದಲ್ಲಿ ಬರೆಯುವಾಗಲೂ ಮನಸ್ಸಿನಲ್ಲಿ ಅದೇ ಹುರುಪು ಇತ್ತು. ಆದರೆ ಹಣ ಓಡುತ್ತಿರುವ ಹೊತ್ತಿನಲ್ಲಿ ಆ ಹಕ್ಕನ್ನು ಹಿಡಿದು ಕೂರಬಾರದೆಂದು ಈಗ ಒಪ್ಪಿಕೊಳ್ಳುತ್ತೇವೆ. ತಮಿಳೋ, ಮಲಯಾಳವೋ, ಮರಾಠಿಯೋ, ತೆಲುಗೋ, ಹರುಕು ಮುರುಕಾದರೂ ಸರಿ, ಅಂಕಿಗಳನ್ನು ಹೇಳಿದರೆ ಸಾಕು. ಬಾರದವರು ಪಕ್ಕದ ಮನೆಯವರ ಕೈಗೆ ಫೋನ್ ಕೊಡಿ.

ಕೇಳಬೇಕಾದ್ದನ್ನು ಕೇಳುವುದನ್ನೂ ಬಿಟ್ಟಿಲ್ಲ. ಗಡಿ ಜಿಲ್ಲೆಗಳ ಸೈಬರ್ ಠಾಣೆಗಳಲ್ಲಿ ಕನ್ನಡ ಬಲ್ಲ ಒಬ್ಬ ಸಿಬ್ಬಂದಿಯಾದರೂ ಇರಲಿ, ಎಚ್ಚರಿಕೆಯ ಭಿತ್ತಿಪತ್ರಗಳು ಕನ್ನಡದಲ್ಲೂ ಬರಲಿ ಎಂದು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಮನವಿ ಕಳಿಸಿದ್ದೇವೆ. ಉಳಿದ ಊರುಗಳ ಘಟಕಗಳೂ ತಮ್ಮ ತಮ್ಮ ಜಿಲ್ಲೆಯಲ್ಲಿ ಕೊಡಬಹುದು. ಮಾದರಿ ಬೇಕಿದ್ದರೆ ಬರೆದು ಕೇಳಿ. ತೆಲಂಗಾಣದ ಸದಸ್ಯರಿಗೆ ಒಂದು ಅನುಕೂಲವಿದೆ: ಅಲ್ಲಿನ ಸೈಬರ್ ಭದ್ರತಾ ಬ್ಯೂರೋ ತಡೆಹಿಡಿದ ಹಣವನ್ನು ಲೋಕ ಅದಾಲತ್ ಮೂಲಕ ಹಿಂದಿರುಗಿಸುವ ಪದ್ಧತಿಯನ್ನು 2024ರಿಂದ ನಡೆಸಿಕೊಂಡು ಬಂದಿದೆ. ಇತರ ಕಡೆ ಹಲವು ಸಂದರ್ಭಗಳಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಬಿಡುಗಡೆಯ ಆದೇಶ ತರಬೇಕಾಗಬಹುದು. ಸಂಘದಲ್ಲಿರುವ ವಕೀಲ ಬಾಂಧವರು ಇಂಥ ಅರ್ಜಿಗಳನ್ನು ಶುಲ್ಕವಿಲ್ಲದೆ ನೋಡಿಕೊಡಲು ಒಪ್ಪಿದ್ದಾರೆ.

ಮುಂದಿನ ಮಾಸಿಕ ಸಭೆಗೆ ಬರುವಾಗ ಎಲ್ಲರೂ ಫೋನ್ ತನ್ನಿ. 1930 ನಂಬರನ್ನು ಉಳಿಸಿಡುವುದು, ಯುಟಿಆರ್ ಸಂಖ್ಯೆ ಎಲ್ಲಿರುತ್ತದೆಂದು ಹುಡುಕುವುದು, ದಿನದ ವರ್ಗಾವಣೆ ಮಿತಿಯನ್ನು ತಗ್ಗಿಸಿಕೊಳ್ಳುವುದು, ಇವಿಷ್ಟನ್ನು ನಮ್ಮ ಯುವ ಸದಸ್ಯರು ಒಬ್ಬೊಬ್ಬರ ಪಕ್ಕ ಕೂತು ತೋರಿಸಿಕೊಡುತ್ತಾರೆ. ಭಾಷಣ ಇರುವುದಿಲ್ಲ. ಕಾಫಿ, ಉಪ್ಪಿಟ್ಟು ಇರುತ್ತದೆ.

ಮೇಷ್ಟ್ರ 4,80,000ದಲ್ಲಿ ತಡೆಹಿಡಿಯಲು ಸಿಕ್ಕಿದ್ದು ಐದನೇ ಖಾತೆಯೊಂದರಲ್ಲಿ ಉಳಿದಿದ್ದ 31,500 ರೂಪಾಯಿ. ಅದರ ಬಿಡುಗಡೆಗೆ ಹಾಕಿದ ಅರ್ಜಿ ನ್ಯಾಯಾಲಯದಲ್ಲಿದೆ. ಕೊನೆಯ ತಾರೀಖಿಗೆ ಅವರ ಜೊತೆ ನಾವೂ ಹೋಗಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು, 'ನೀವು ಬರೆದ ಆ ಅರ್ಜಿ ಮಾತ್ರ ಚೆನ್ನಾಗಿತ್ತು ಕಣ್ರೀ, ಒಂದು ಕಾಗುಣಿತ ತಪ್ಪಿರಲಿಲ್ಲ' ಎಂದರು. ತಮಾಷೆಗೆ ಅಂದರೋ, ನಿಜಕ್ಕೆ ಅಂದರೋ, ಇನ್ನೂ ತಿಳಿದಿಲ್ಲ.

ಕಾರ್ಯದರ್ಶಿ